ಬಿದ್ದ ಕೈಗೆ ಕೆಲಸ ಕೊಡುವುದು ಹೇಗೆ?

ಲಕ್ವ ಹೊಡೆದಿದ್ದ ದೊಡ್ಡಮ್ಮ ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರ ನಾವೆಲ್ಲ ಅವರನ್ನು ಮಗುವಿನ ಹಾಗೆ ನೋಡಿಕೊಂಡೆವು. ಅಕ್ಕ ಅನ್ನ ಕಲಸಿ ತುತ್ತು ಬಾಯಿಗಿಟ್ಟಳು. ನಾನು ತಲೆ ಬಾಚಿ ಜಡೆ ಹಾಕಿದೆ. ಅಣ್ಣ ಕಾಫಿ ಲೋಟವನ್ನು ತುಟಿಗೇ ಹಿಡಿದ. ಅವರ ಬಲಗೈ ಮಾತ್ರ ತೊಡೆಯ ಮೇಲೆ ಸುಮ್ನೆ ಬಿದ್ದಿತ್ತು. ಎಂಟನೇ ದಿನ ಫಿಸಿಯೋಥೆರಪಿ ಮಾಡಿಸಲು ಬಂದ ಹುಡುಗಿ ಇದನ್ನೆಲ್ಲ ಸ್ವಲ್ಪ ಹೊತ್ತು ನೋಡಿ, ‘ಅಕ್ಕಾ, ಅಮ್ಮನ ಕೈಗೆ ಮಾಡೋಕೆ ನೀವು ಒಂದು ಕೆಲಸಾನೂ ಉಳಿಸಿಲ್ವಲ್ಲ’ ಅಂದಳು.

ಪಾರ್ಶ್ವವಾಯುವಿನ ನಂತರದ ಚಿಕಿತ್ಸೆಯ ಬಗ್ಗೆ ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ಆ ಹುಡುಗಿ ಹೇಳಿದ ಮಾತೇ ಮತ್ತೆ ಮತ್ತೆ ಎದುರಾಯಿತು. ಪ್ರೀತಿಯಿಂದ ನಾವು ಮಾಡಿಕೊಡುವ ಪ್ರತಿ ಕೆಲಸವೂ ಆ ಕೈ ಮತ್ತೆ ಕಲಿಯಬಹುದಾಗಿದ್ದ ಕೆಲಸ. ಅದನ್ನು ವಾಪಸ್ ಕೊಡುವುದು ಹೇಗೆ, ಯಾವಾಗ, ಎಷ್ಟು? ಸಂಶೋಧನೆಗಳಲ್ಲಿ ಪರೀಕ್ಷೆಗೆ ಒಳಗಾದ ದಾರಿಗಳನ್ನು ಇಲ್ಲಿ ಹೇಳಿದ್ದೇನೆ. ನಿಮ್ಮ ವೈದ್ಯರಿಗೂ ಫಿಸಿಯೋಥೆರಪಿಸ್ಟ್‌ಗೂ ತೋರಿಸಿಯೇ ಶುರು ಮಾಡಿ.

ಕೈ ಯಾಕೆ ಸುಮ್ಮನಾಗುತ್ತದೆ?

ಲಕ್ವ ಹೊಡೆದಾಗ ಪೆಟ್ಟು ಬೀಳುವುದು ಮಿದುಳಿಗೆ. ಮಿದುಳಿನ ಎಡಭಾಗದ ರಕ್ತನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಬಲಗೈ, ಬಲಗಾಲು ಸ್ವಾಧೀನ ತಪ್ಪುತ್ತವೆ. ಕೈಯ ಮೂಳೆ, ನರ, ಮಾಂಸಖಂಡ ಎಲ್ಲ ಇದ್ದಲ್ಲೇ ಇವೆ, ಅವಕ್ಕೆ ಹುಕುಂ ಬರುತ್ತಿಲ್ಲ ಅಷ್ಟೆ. ಉಳಿದ ಮಿದುಳು ಆ ಹುಕುಂ ಕೊಡುವುದನ್ನು ನಿಧಾನಕ್ಕೆ ಕಲಿಯಬಲ್ಲದು.

ಆದರೆ ಇನ್ನೊಂದು ತೊಂದರೆ ಇದೆ. ಅಮೆರಿಕದ ವಿಜ್ಞಾನಿ ಎಡ್ವರ್ಡ್ ಟಾಬ್ ಕೋತಿಗಳ ಒಂದು ಕೈಯ ಸ್ಪರ್ಶದ ನರ ಕತ್ತರಿಸಿ ನೋಡಿದರು. ಕೋತಿ ಆ ಕೈಯನ್ನು ಬಳಸುವುದನ್ನೇ ಬಿಟ್ಟುಬಿಟ್ಟಿತು. ಒಳ್ಳೆಯ ಕೈ ಕಟ್ಟಿಹಾಕಿದಾಗ ಅದೇ ಕೈಯಲ್ಲಿ ತಿನಿಸು ಎತ್ತಿಕೊಂಡಿತು! ಶಕ್ತಿ ಇತ್ತು, ಬಳಸದೇ ಇರುವುದು ರೂಢಿಯಾಗಿತ್ತು. (ಈ ಪ್ರಯೋಗಾಲಯದ ಮೇಲೆ 1981ರಲ್ಲಿ ಪ್ರಾಣಿಹಿಂಸೆಯ ದೊಡ್ಡ ಪ್ರಕರಣವೇ ನಡೆಯಿತು. ಆ ಪ್ರಾಣಿಗಳು ಪಟ್ಟ ಪಾಡು ನೆನೆದರೆ ಇಂದಿಗೂ ಸಂಕಟವಾಗುತ್ತದೆ.) ಮನುಷ್ಯರಲ್ಲೂ ಹೀಗೇ ಆಗುತ್ತದೆ. ಬಲಗೈಯಲ್ಲಿ ಲೋಟ ಹಿಡಿಯಲು ಹೋಗಿ ನಾಲ್ಕು ಸಲ ಚೆಲ್ಲಿದವರು ಐದನೇ ಸಲ ಎಡಗೈ ಚಾಚುತ್ತಾರೆ.

ಹಂತ 1: ಮೊದಲ ದಿನ ಅವಸರ ಬೇಡ, ಮೊದಲ ಮೂರು ತಿಂಗಳು ಉದಾಸೀನ ಬೇಡ

ಎಷ್ಟು ಬೇಗ ಎಬ್ಬಿಸಿ ನಡೆಸಿದರೆ ಅಷ್ಟು ಒಳ್ಳೆಯದು ಎಂದು ಹಿಂದೆ ಬಹಳ ಜನ ನಂಬಿದ್ದರು. ‘ಅವರ್ಟ್’ ಎಂಬ ಅಧ್ಯಯನ ಐದು ದೇಶಗಳ 2104 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿತು. 2015ರಲ್ಲಿ ಬಂದ ಫಲಿತಾಂಶ ಉಲ್ಟಾ ಇತ್ತು. ಮೊದಲ 24 ಗಂಟೆಯೊಳಗೇ ಜಾಸ್ತಿ ಸಲ, ಜಾಸ್ತಿ ಹೊತ್ತು ಎಬ್ಬಿಸಿದವರಲ್ಲಿ ಮೂರು ತಿಂಗಳ ನಂತರ ಚೆನ್ನಾಗಿ ಚೇತರಿಸಿಕೊಂಡವರು 46%. ಮಾಮೂಲಿ ಆರೈಕೆ ಪಡೆದವರಲ್ಲಿ 50%. ಹಾಗಾಗಿ ಆಸ್ಪತ್ರೆಯಲ್ಲಿ ಯಾವಾಗ ಎಬ್ಬಿಸಬೇಕು ಎನ್ನುವುದನ್ನು ಅಲ್ಲಿಯವರಿಗೇ ಬಿಡಿ. ಎಬ್ಬಿಸುವಾಗಲೂ ಒಂದೇ ಸಲ ತುಂಬಾ ಹೊತ್ತು ಕೂರಿಸುವ ಬದಲು ಸ್ವಲ್ಪ ಸ್ವಲ್ಪ ಹೊತ್ತು, ಹಲವು ಸಲ ಒಳ್ಳೆಯದು.

ಮನೆಗೆ ಬಂದ ಮೇಲೆ ಮಾತ್ರ ತಡ ಮಾಡಬೇಡಿ. ಅಮೆರಿಕದಲ್ಲಿ 72 ಜನರ ಮೇಲೆ ನಡೆದ ಪ್ರಯೋಗವೊಂದರ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಮಾಮೂಲಿ ಚಿಕಿತ್ಸೆಯ ಜೊತೆಗೆ 20 ಗಂಟೆ ಹೆಚ್ಚುವರಿ ಕೈ ಅಭ್ಯಾಸ ಕೊಟ್ಟು ನೋಡಿದರು. ಎರಡರಿಂದ ಮೂರನೇ ತಿಂಗಳಲ್ಲಿ ಕೊಟ್ಟಾಗ ಪ್ರಯೋಜನ ಎಲ್ಲಕ್ಕಿಂತ ಹೆಚ್ಚು. ಆರು ತಿಂಗಳು ದಾಟಿದ ಮೇಲೆ ಅಷ್ಟೇ ಅಭ್ಯಾಸ ಕೊಟ್ಟಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ‘ದೇಹ ಸ್ವಲ್ಪ ಸುಧಾರಿಸಲಿ, ಆಮೇಲೆ ವ್ಯಾಯಾಮ ನೋಡೋಣ’ ಎಂದು ತಿಂಗಳುಗಟ್ಟಲೆ ಮುಂದೂಡುವುದು ಅದಕ್ಕೇ ತಪ್ಪು.

ಹಂತ 2: ಭುಜವನ್ನು ಕಾಪಾಡಿ

ಇದು ಚಿಕ್ಕ ವಿಷಯ ಅನಿಸುತ್ತದೆ, ಆದರೆ ಇಲ್ಲಿ ಎಡವಿದರೆ ಮುಂದಿನದ್ಯಾವುದೂ ಆಗುವುದಿಲ್ಲ. ಸೋತ ಕೈಯ ಭಾರಕ್ಕೆ ಭುಜದ ಕೀಲು ಕೆಳಗೆ ಜಾರುತ್ತದೆ. ಮಂಚದಿಂದ ಎಬ್ಬಿಸುವಾಗ ಆ ಕೈ ಹಿಡಿದು ಎಳೆಯಬೇಡಿ. ಕಂಕುಳಿಗೆ ಕೈ ಹಾಕಿಯೂ ಎತ್ತಬೇಡಿ. ಸೊಂಟದ ಹತ್ತಿರ ಹಿಡಿದು ಎಬ್ಬಿಸಿ. ಕೂತಾಗ ಕೈಯ ಕೆಳಗೆ ದಿಂಬು ಇರಲಿ. ಭುಜ ನೋವು ಶುರುವಾದರೆ ರೋಗಿ ಯಾವ ಅಭ್ಯಾಸಕ್ಕೂ ಒಪ್ಪುವುದಿಲ್ಲ. ನೋವಿದ್ದರೆ ಹೇಗೆ ತಾನೇ ಒಪ್ಪಿಯಾರು?

ಹಂತ 3: ಕೈಯಲ್ಲಿ ಏನು ಉಳಿದಿದೆ ನೋಡಿ

ಮುಂಗೈಯನ್ನು ಮೇಜಿನ ಮೇಲಿಡಿ, ಹಸ್ತ ಅಂಚಿನಿಂದ ಕೆಳಗೆ ಇಳಿಬಿದ್ದಿರಲಿ. ಈಗ ಹಸ್ತವನ್ನು ಮೇಲೆತ್ತಲು ಹೇಳಿ. ಸ್ವಲ್ಪ, ಹತ್ತು ಡಿಗ್ರಿಯಷ್ಟು ಎದ್ದರೂ ಸಾಕು. ಹೆಬ್ಬೆರಳು ಹೊರಗೆ ಚಾಚುತ್ತದಾ? ಉಳಿದ ಬೆರಳುಗಳಲ್ಲಿ ಎರಡಾದರೂ ಬಿಚ್ಚಿಕೊಳ್ಳುತ್ತವಾ? ಮುಂದೆ 5ನೇ ಹಂತದಲ್ಲಿ ಹೇಳುವ ಗವಸಿನ ಪ್ರಯೋಗಕ್ಕೆ ಸೇರಲು ಇದ್ದ ಕನಿಷ್ಠ ಅರ್ಹತೆ ಹೆಚ್ಚುಕಡಿಮೆ ಇಷ್ಟೇ. ಇಷ್ಟು ಚಲನೆ ಇದ್ದರೆ 4 ಮತ್ತು 5ನೇ ಹಂತ ನಿಮಗೆ. ಏನೂ ಅಲುಗಾಡದಿದ್ದರೆ ಸದ್ಯಕ್ಕೆ 6ನೇ ಹಂತದ ಕನ್ನಡಿಯಿಂದ ಶುರು ಮಾಡಿ.

ಹಂತ 4: ನಿಜವಾದ ಕೆಲಸ, ಎಣಿಸಿ ಮಾಡುವ ಕೆಲಸ

ಸ್ಪಂಜಿನ ಚೆಂಡು ಹಿಸುಕುವುದನ್ನೇ ಎಲ್ಲರೂ ಹೇಳುತ್ತಾರೆ. ಆದರೆ ಸೋತ ಕೈಗೆ ಮುಷ್ಟಿ ಕಟ್ಟುವುದು ಎಷ್ಟೋ ಸಲ ಸುಲಭ, ಬಿಚ್ಚುವುದೇ ಕಷ್ಟ. ಹಿಡಿದು, ಒಯ್ದು, ಬಿಡುವ ಕೆಲಸ ಬೇಕು. ದೊಡ್ಡಮ್ಮನಿಗೆ ಆ ಹುಡುಗಿ ಎರಡು ಬಟ್ಟಲು, ಒಂದು ಹಿಡಿ ಕಡಲೆಬೀಜ ಕೊಟ್ಟಳು. ಎಡ ಬಟ್ಟಲಿನಿಂದ ಬಲ ಬಟ್ಟಲಿಗೆ, ಒಂದೊಂದೇ. ಮೊದಲ ಬೀಜ ಎತ್ತಲು ಎರಡು ನಿಮಿಷ ಹಿಡಿಯಿತು. ಬೆರಳುಗಳು ಬೀಜದ ಮೇಲೆ ಜಾರಿ, ಬಟ್ಟಲಿನ ಅಂಚಿಗೆ ತಾಗಿ, ಮತ್ತೆ ಜಾರಿ, ಕೊನೆಗೆ ಹೆಬ್ಬೆರಳು ಮತ್ತು ಮಧ್ಯದ ಬೆರಳ ನಡುವೆ ಸಿಕ್ಕಿಕೊಂಡಿತು. ಸಿಕ್ಕ ಮೇಲೆ ಬಿಡಲು ಬರುತ್ತಿಲ್ಲ! ಮಣಿಕಟ್ಟನ್ನು ಸ್ವಲ್ಪ ಕೆಳಗೆ ಬಗ್ಗಿಸಿದಾಗ ಬೆರಳು ಸಡಿಲವಾಗಿ ಬೀಜ ಟಣ್ ಎಂದು ಬಿತ್ತು. ಅವತ್ತು ಹನ್ನೊಂದು ಬೀಜ.

ಎಷ್ಟು ಸಲ ಮಾಡಬೇಕು? 2009ರ ಅಧ್ಯಯನವೊಂದು ಅಮೆರಿಕ, ಕೆನಡಾದ ಚಿಕಿತ್ಸಾ ಕೇಂದ್ರಗಳಲ್ಲಿ ಕೂತು ಎಣಿಸಿತು. ಒಂದು ಅವಧಿಯಲ್ಲಿ ರೋಗಿಯ ಕೈ ನಿಜವಾದ ಕೆಲಸ ಮಾಡಿದ್ದು ಸರಾಸರಿ 32 ಸಲ. ಪ್ರಯೋಗಾಲಯದ ಪ್ರಾಣಿಗಳ ಮಿದುಳು ಬದಲಾಗಲು ದಿನಕ್ಕೆ ನೂರಾರು ಸಲ ಬೇಕಾಗಿತ್ತು. ಹಾಗಂತ ಲೆಕ್ಕದ ಹಿಂದೆ ಬಿದ್ದು ರೋಗಿಯನ್ನು ದಣಿಸಬೇಡಿ. ಲಕ್ವ ಹೊಡೆದು ಆರು ತಿಂಗಳು ದಾಟಿದ 85 ಜನರಲ್ಲಿ 3200, 6400, 9600 ಸಲ ಮಾಡಿಸಿ ಹೋಲಿಸಿದಾಗ ಸಂಖ್ಯೆ ಏರಿದಂತೆ ಲಾಭ ಏರಲಿಲ್ಲ. ನನ್ನ ಅಭಿಪ್ರಾಯ ಇಷ್ಟು: ಹತ್ತಿಪ್ಪತ್ತು ಸಲಕ್ಕೆ ನಿಲ್ಲಿಸಬೇಡಿ, ದಿನದಲ್ಲಿ ಮೂರು ನಾಲ್ಕು ಸಲ ಹಂಚಿಕೊಂಡು ನೂರರ ಕಡೆಗೆ ಹೋಗಿ. ಸುಲಭವಾದ ತಕ್ಷಣ ಕೆಲಸವನ್ನು ಕಷ್ಟ ಮಾಡಿ. ಕಡಲೆಬೀಜ ಆಯಿತಾ, ಹೆಸರುಕಾಳು ಕೊಡಿ. ಅವರೆಕಾಯಿ ಬಿಡಿಸಲಿ, ಟವೆಲ್ ಮಡಿಸಲಿ, ಡಬ್ಬಿಯ ಮುಚ್ಚಳ ತೆಗೆಯಲಿ, ಬಟ್ಟೆಯ ಕ್ಲಿಪ್ ಹಾಕಲಿ. ಅವರು ಇಷ್ಟಪಟ್ಟು ಮಾಡುತ್ತಿದ್ದ ಕೆಲಸವಾದರೆ ಎಲ್ಲಕ್ಕಿಂತ ಒಳ್ಳೆಯದು.

ಹಂತ 5: ಒಳ್ಳೆಯ ಕೈಗೆ ಚೀಲ ತೊಡಿಸಿ

ಟಾಬ್ ಅವರ ಕೋತಿಗಳಿಂದ ಹುಟ್ಟಿದ ಚಿಕಿತ್ಸೆ ಇದು. ‘ಎಕ್ಸೈಟ್’ ಅಧ್ಯಯನದಲ್ಲಿ ಅಮೆರಿಕದ ಏಳು ಕೇಂದ್ರಗಳಲ್ಲಿ 222 ಜನರಿದ್ದರು. ಎಲ್ಲರಿಗೂ ಸ್ಟ್ರೋಕ್ ಆಗಿ ಮೂರರಿಂದ ಒಂಬತ್ತು ತಿಂಗಳು ಕಳೆದಿತ್ತು. ಚಿಕಿತ್ಸೆಯ ಗುಂಪಿನವರ ಒಳ್ಳೆಯ ಕೈಗೆ ದಪ್ಪ ಚೀಲದಂಥ ಗವಸು ಹಾಕಿ, ಎಚ್ಚರವಿರುವ ಹೊತ್ತಿನ 90% ಅದನ್ನು ತೆಗೆಯದೆ, ಸೋತ ಕೈಯಲ್ಲೇ ದಿನಕ್ಕೆ ಆರು ಗಂಟೆಯವರೆಗೆ ಅಭ್ಯಾಸ ಮಾಡಿಸಿದರು. ಎರಡೇ ವಾರ. ಮಾಮೂಲಿ ಆರೈಕೆಯವರಿಗಿಂತ ಇವರ ಕೈ ಚುರುಕಾಯಿತು, ಒಂದು ವರ್ಷದ ನಂತರವೂ ಆ ಲಾಭ ಉಳಿದಿತ್ತು. 2006ರಲ್ಲಿ ಪ್ರಕಟವಾದ ಈ ಫಲಿತಾಂಶ ಈ ಕ್ಷೇತ್ರದ ಗಟ್ಟಿ ಪುರಾವೆಗಳಲ್ಲಿ ಒಂದು.

ಮನೆಯಲ್ಲಿ ಆರು ಗಂಟೆ ಯಾರಿಗೂ ಆಗದ ಮಾತು. ಒಂದು ದಪ್ಪ ಕಾಲುಚೀಲ ಅಥವಾ ಅಡುಗೆಮನೆಯ ಬಿಸಿಪಾತ್ರೆ ಹಿಡಿಯುವ ಗವಸು ಸಾಕು. ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ, ಕೂತು ಮಾಡುವ ಕೆಲಸದ ಹೊತ್ತಿಗೆ ಮಾತ್ರ ಹಾಕಿ. ನಡೆಯುವಾಗ, ಮೆಟ್ಟಿಲ ಹತ್ತಿರ, ಬಚ್ಚಲಲ್ಲಿ, ಬಿಸಿ ಕಾಫಿಯ ಮುಂದೆ ತಪ್ಪದೇ ತೆಗೆಯಿರಿ. ಬೀಳುವಾಗ ಹಿಡಿದುಕೊಳ್ಳಲು ಇರುವುದು ಆ ಒಂದೇ ಕೈ ಅಲ್ವಾ?

ಚೆಲ್ಲುತ್ತದೆ, ಬೀಳುತ್ತದೆ, ಸಿಟ್ಟು ಬರುತ್ತದೆ. ನೋಡುತ್ತ ಕೂತವರಿಗೆ ಕೈ ಚಾಚಿ ಸಹಾಯ ಮಾಡಬೇಕು ಅನಿಸುತ್ತದೆ. ಹತ್ತು ಎಣಿಸಿ, ಆಮೇಲೂ ಆಗದಿದ್ದರೆ ಮೊಣಕೈಗೆ ಮಾತ್ರ ಆಸರೆ ಕೊಡಿ.

ಹಂತ 6: ಕನ್ನಡಿ

ಕೈ ಕಳೆದುಕೊಂಡವರಿಗೆ ಇಲ್ಲದ ಕೈಯಲ್ಲಿ ನೋವು ಬರುವುದನ್ನು ಕಡಿಮೆ ಮಾಡಲು ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಕನ್ನಡಿ ಬಳಸಿದರು. 1999ರಲ್ಲಿ ಅವರ ತಂಡ ಅದನ್ನೇ ಒಂಬತ್ತು ಜನ ಪಾರ್ಶ್ವವಾಯು ರೋಗಿಗಳಲ್ಲಿ ಪರೀಕ್ಷಿಸಿತು. 2018ರಲ್ಲಿ ಕಾಕ್ರೇನ್ ಸಂಸ್ಥೆ 62 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ, ಬೇರೆ ಚಿಕಿತ್ಸೆಯ ಜೊತೆಗೆ ಕನ್ನಡಿಯೂ ಇದ್ದರೆ ಕೈಯ ಚಲನೆ ಸುಧಾರಿಸುತ್ತದೆ ಎಂದಿತು.

ಎದೆಯ ಮುಂದೆ ಮೇಜಿನ ಮೇಲೆ, ಎರಡು ಕೈಗಳ ನಡುವೆ ಕನ್ನಡಿಯನ್ನು ಅಡ್ಡಗೋಡೆಯಂತೆ ನಿಲ್ಲಿಸಿ, ಅದರ ಮುಖ ಒಳ್ಳೆಯ ಕೈಯ ಕಡೆಗಿರಲಿ. ಸೋತ ಕೈ ಕನ್ನಡಿಯ ಹಿಂದೆ, ಒಳ್ಳೆಯ ಕೈ ಅದರ ಮುಂದೆ. ಉಂಗುರ, ಬಳೆ, ವಾಚು ತೆಗೆದಿಡಿ, ಎರಡೂ ಕೈ ಒಂದೇ ಥರ ಕಾಣಬೇಕು. ಕನ್ನಡಿಯೊಳಗಿನ ಕೈಯನ್ನೇ ನೋಡುತ್ತ ಮುಷ್ಟಿ ಕಟ್ಟಿ ಬಿಚ್ಚಲಿ, ಮಣಿಕಟ್ಟು ಎತ್ತಿ ಇಳಿಸಲಿ. ಹಿಂದಿರುವ ಕೈಯಲ್ಲೂ ಅದನ್ನೇ ಮಾಡಲು ಪ್ರಯತ್ನಿಸಲಿ. ಮಿದುಳಿಗೆ ಸೋತ ಕೈಯೇ ಆಡಿದಂತೆ ಕಾಣುತ್ತದೆ. ದಿನಕ್ಕೆ ಅರ್ಧ ಗಂಟೆ ಸಾಕು.

ಹಂತ 7: ಕಾಲು

ಕಾಲಿಗೆ ದುಬಾರಿ ಯಂತ್ರವೇ ಬೇಕು ಎಂದುಕೊಳ್ಳಬೇಡಿ. ಅಮೆರಿಕದಲ್ಲಿ 408 ಜನರ ಮೇಲೆ ನಡೆದ ‘ಲೀಪ್ಸ್’ ಪ್ರಯೋಗದಲ್ಲಿ, ಸೊಂಟಕ್ಕೆ ಪಟ್ಟಿ ಕಟ್ಟಿ ಟ್ರೆಡ್‌ಮಿಲ್ ಮೇಲೆ ನಡೆಸಿದವರೂ ಫಿಸಿಯೋಥೆರಪಿಸ್ಟ್ ಮನೆಗೇ ಬಂದು ವ್ಯಾಯಾಮ ಮಾಡಿಸಿದವರೂ ಒಂದೇ ಮಟ್ಟಕ್ಕೆ ಸುಧಾರಿಸಿದರು. ಗಟ್ಟಿ ಕುರ್ಚಿಯಿಂದ ಎದ್ದು ಕೂರುವುದು, ಅಡುಗೆಮನೆಯ ಕಟ್ಟೆ ಹಿಡಿದು ಪಕ್ಕಕ್ಕೆ ಹೆಜ್ಜೆ ಹಾಕುವುದು, ಇಷ್ಟರಿಂದ ಶುರು ಮಾಡಬಹುದು. ಪಕ್ಕದಲ್ಲಿ ಒಬ್ಬರು ಇರಲೇಬೇಕು.

ಹಂತ 8: ಮನೆಯವರೇ ಎಲ್ಲ ಮಾಡುತ್ತೇವೆ ಎನ್ನಬೇಡಿ

ಇದು ನಮ್ಮ ದೇಶದ್ದೇ ಅಧ್ಯಯನ. ‘ಅಟೆಂಡ್’ ಎಂದು ಹೆಸರು. ಭಾರತದ 14 ಆಸ್ಪತ್ರೆಗಳು, 1250 ರೋಗಿಗಳು. ಒಂದು ಗುಂಪಿನಲ್ಲಿ ಮನೆಯವರಿಗೇ ತರಬೇತಿ ಕೊಟ್ಟು ವ್ಯಾಯಾಮ ಮಾಡಿಸಲು ಹೇಳಿದರು. ಇನ್ನೊಂದು ಗುಂಪಿಗೆ ಮಾಮೂಲಿ ಆರೈಕೆ. ಆರು ತಿಂಗಳ ನಂತರ ತೀರಿಕೊಂಡವರು ಅಥವಾ ಇನ್ನೊಬ್ಬರ ಆಸರೆಯಲ್ಲೇ ಇದ್ದವರು ಎರಡೂ ಗುಂಪಿನಲ್ಲಿ 47%. ಓದಿದಾಗ ನನಗೆ ಬೇಜಾರಾಯಿತು. ಆದರೂ ಇದನ್ನು ಮುಚ್ಚಿಡುವುದು ಸರಿಯಲ್ಲ. ನಾವು ಮನೆಯಲ್ಲಿ ಮಾಡುವುದು ಫಿಸಿಯೋಥೆರಪಿಸ್ಟ್ ಕೆಲಸಕ್ಕೆ ಬದಲಿಯಲ್ಲ. ಕೈ ಬದಲಾದ ಹಾಗೆ ಅಭ್ಯಾಸವನ್ನೂ ಬದಲಿಸಲು ಅನುಭವದ ಕಣ್ಣು ಬೇಕು. ದಿನಾ ಕರೆಸಲು ದುಡ್ಡು ಸಾಲದಿದ್ದರೆ ವಾರಕ್ಕೊಮ್ಮೆಯಾದರೂ ತೋರಿಸಿ, ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಹಂತ 9: ದುಡ್ಡು, ಸಮಯ ಎಲ್ಲಿ ಸುರಿಯಬಾರದು

ಪಾರಿವಾಳದ ರಕ್ತ ಹಚ್ಚಿದರೆ ಲಕ್ವ ಹೋಗುತ್ತದೆ ಎಂದು ನಮ್ಮ ಕಡೆ ಈಗಲೂ ಓಡುತ್ತಾರೆ. ಅದರಿಂದ ಏನೂ ಆಗುವುದಿಲ್ಲ. ರಕ್ತ ಹೆಪ್ಪುಗಟ್ಟಿ ಆದ ಸ್ಟ್ರೋಕ್‌ಗೆ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ಗಂಟೆಗಳು ಪಾರಿವಾಳ ಹುಡುಕುವುದರಲ್ಲಿ ಕಳೆದುಹೋಗುತ್ತವೆ. ಮತ್ತೆ ಬಾಯಿ ವಾರೆಯಾದರೆ, ಮಾತು ತೊದಲಿದರೆ, ಕೈ ಬಿದ್ದರೆ ತಕ್ಷಣ 108ಕ್ಕೆ ಫೋನ್ ಮಾಡಿ.

ಕಾಂಡಕೋಶದ (ಸ್ಟೆಮ್ ಸೆಲ್) ಚುಚ್ಚುಮದ್ದಿಗೆ ಲಕ್ಷಗಟ್ಟಲೆ ಕೇಳುವವರಿದ್ದಾರೆ. ಭಾರತದ ಐದು ಕೇಂದ್ರಗಳಲ್ಲಿ 120 ರೋಗಿಗಳಲ್ಲಿ ಅರ್ಧ ಜನರಿಗೆ ಅವರದೇ ಅಸ್ಥಿಮಜ್ಜೆಯ ಕೋಶ ಕೊಟ್ಟು, ಕೊಡದ ಉಳಿದವರ ಜೊತೆ ಹೋಲಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಅಪಾಯ ಕಾಣಲಿಲ್ಲ, ಪ್ರಯೋಜನವೂ ಕಾಣಲಿಲ್ಲ. ಖಿನ್ನತೆಯ ಮಾತ್ರೆ ಫ್ಲುಯೊಕ್ಸೆಟಿನ್ ಕಥೆ ಇನ್ನೂ ಪಾಠ ಕಲಿಸುವಂಥದ್ದು. 2011ರಲ್ಲಿ ಫ್ರಾನ್ಸಿನ 118 ಜನರಲ್ಲಿ ಕೈಕಾಲಿನ ಶಕ್ತಿ ಹೆಚ್ಚಿಸಿದಂತೆ ಕಂಡಿತು, ಎಲ್ಲರಿಗೂ ಆಸೆ ಹುಟ್ಟಿತು. ಆಮೇಲೆ ಬ್ರಿಟನ್ನಿನಲ್ಲಿ 3127 ಜನರಲ್ಲಿ ನೋಡಿದಾಗ ಚೇತರಿಕೆಗೆ ಸಹಾಯವಾಗಲಿಲ್ಲ, ಮೂಳೆ ಮುರಿತ ಜಾಸ್ತಿಯಾಯಿತು. ನಿಜವಾಗಿ ಖಿನ್ನತೆ ಇದ್ದವರಿಗೆ ವೈದ್ಯರು ಬರೆದುಕೊಟ್ಟರೆ ಆ ಮಾತು ಬೇರೆ. ಲಕ್ವದ ನಂತರ ಮನಸ್ಸು ಕುಗ್ಗುವುದು ತುಂಬಾ ಸಾಮಾನ್ಯ, ಅದನ್ನು ತಪ್ಪದೇ ಹೇಳಿಕೊಳ್ಳಿ.

ಹಂತ 10: ಕ್ಯಾಲೆಂಡರಿನಲ್ಲಿ ಬರೆಯಿರಿ

ದಿನಾ ಜೊತೆಗಿರುವವರ ಕಣ್ಣಿಗೆ ಸುಧಾರಣೆ ಕಾಣುವುದೇ ಇಲ್ಲ. ಅದಕ್ಕೇ ಎಣಿಕೆ ಬೇಕು. ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ 11, 14, 9, 17 ಎಂದು ಶುರುವಾಗಿ ಎರಡು ತಿಂಗಳಿಗೆ 60 ದಾಟಿತ್ತು. ನಡುವೆ ಜ್ವರ ಬಂದ ವಾರ ಖಾಲಿ. ಏಳನೇ ತಿಂಗಳ ಒಂದು ಶುಕ್ರವಾರ ಅಂಕಿಯ ಬದಲು ‘ಅರ್ಧ ಮೊಳ ಮಲ್ಲಿಗೆ’ ಎಂದಿದೆ. ಬಾಳೆನಾರಿನ ತುದಿಯನ್ನು ಬಲಗೈ ಒತ್ತಿ ಹಿಡಿದಿತ್ತು. ಗಂಟು ಹಾಕಿದ್ದು ಎಡಗೈ. ಹೂವು ಸಡಿಲವಾಗಿತ್ತು, ಅದನ್ನೇ ದೇವರಿಗೆ ಹಾಕಿದೆವು.

ಪ್ರಯೋಗಕ್ಕೆ ಸೇರಬೇಕೆಂದರೆ

ಹೊಸ ದಾರಿಗಳು ಬರುತ್ತಲೇ ಇವೆ. ಕುತ್ತಿಗೆಯ ವೇಗಸ್ ನರಕ್ಕೆ ಪುಟ್ಟ ಉಪಕರಣ ಜೋಡಿಸಿ, ಕೈ ಅಭ್ಯಾಸ ಮಾಡುವಾಗಲೇ ಸಣ್ಣ ವಿದ್ಯುತ್ ಕೊಡುವ ಚಿಕಿತ್ಸೆಯನ್ನು ಬ್ರಿಟನ್, ಅಮೆರಿಕದ 108 ಜನರಲ್ಲಿ ಪರೀಕ್ಷಿಸಿದರು. ಸ್ಟ್ರೋಕ್ ಆಗಿ ವರ್ಷಗಳೇ ಕಳೆದಿದ್ದವರಲ್ಲೂ ಪ್ರಯೋಜನ ಕಂಡಿತು. 2021ರಲ್ಲಿ ಅಮೆರಿಕ ಅದಕ್ಕೆ ಅನುಮತಿ ಕೊಟ್ಟಿತು. ಅಲ್ಲೂ ಅಭ್ಯಾಸ ತಪ್ಪಲಿಲ್ಲ, ಉಪಕರಣ ಅದಕ್ಕೆ ಜೊತೆಗಾರ ಮಾತ್ರ.

ಭಾರತದಲ್ಲಿ ನಡೆಯುವ ಪ್ರಯೋಗಗಳು ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿಯಲ್ಲಿರುತ್ತವೆ. 2007ರಲ್ಲಿ ಶುರುವಾದ ಇದನ್ನು ಇಂಟರ್‌ನೆಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಯಾರಾದರೂ ‘ಸಂಶೋಧನೆಗೆ ಸೇರಿಸಿಕೊಳ್ಳುತ್ತೇವೆ’ ಎಂದರೆ ನೋಂದಣಿ ಸಂಖ್ಯೆ ಕೇಳಿ. ನೈತಿಕ ಸಮಿತಿಯ ಒಪ್ಪಿಗೆ ಇದೆಯಾ ಕೇಳಿ. ಪರೀಕ್ಷೆಯ ಚಿಕಿತ್ಸೆಗೇ ನಿಮ್ಮಿಂದ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಒಪ್ಪಿಗೆ ಪತ್ರವನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಕನ್ನಡದಲ್ಲಿ ಕೇಳಿ ಪಡೆಯಿರಿ, ಮನೆಗೆ ತಂದು ರೋಗಿಗೆ ಓದಿ ಹೇಳಿ. ಬೇಡ ಅನಿಸಿದರೆ ಯಾವಾಗ ಬೇಕಾದರೂ ಹೊರಗೆ ಬರಬಹುದು, ಅದಕ್ಕೆ ಕಾರಣ ಕೊಡಬೇಕಿಲ್ಲ.