ಹಿಂಗಾಲು ನೆಲಕ್ಕೆ ಊರಿದ ದಿನ

ಬೆನ್ನುಹುರಿಗೆ ಪೆಟ್ಟು ಬಿದ್ದ ಇಲಿಗಳಿಗೆ ಅರಿಸಿನದ ಕರ್ಕ್ಯುಮಿನ್ ಕೊಟ್ಟು ಅವುಗಳ ನಡಿಗೆ ಎಷ್ಟು ಮರಳುತ್ತದೆ ಎಂದು ನೋಡುವುದು ನನ್ನ ಸಂಶೋಧನೆಯ ವಿಷಯವಾಗಿತ್ತು. ಮದ್ದು ಕೊಡುವುದು ಅದರಲ್ಲಿ ತೀರಾ ಸಣ್ಣ ಭಾಗವೆಂದು ಮೊದಲ ವಾರದಲ್ಲೇ ತಿಳಿಯಿತು.

ಅರಿವಳಿಕೆ ಕೊಟ್ಟು, ಬೆನ್ನುಮೂಳೆಯ ಒಂದು ಚೂರು ತೆಗೆದು, ತೆರೆದುಕೊಂಡ ಬೆನ್ನುಹುರಿಯ ಮೇಲೆ 10 ಗ್ರಾಂ ತೂಕದ ಕಡ್ಡಿಯನ್ನು 25 ಮಿ.ಮೀ. ಎತ್ತರದಿಂದ ಬೀಳಿಸುತ್ತಿದ್ದೆವು. ಹಾನಿ ಆ ಪೆಟ್ಟಿಗೇ ಮುಗಿಯುವುದಿಲ್ಲ. ಸೋರಿದ ರಕ್ತದ ಕಬ್ಬಿಣ, ಸುತ್ತಲಿನ ಅಣುಗಳನ್ನು ಕೆಡಿಸುವ ಫ್ರೀ ರ್‍ಯಾಡಿಕಲ್‌ಗಳಿಗೆ ಇಂಬು ಕೊಡುತ್ತದೆ. ನರಕೋಶಗಳ ಕೊಬ್ಬಿನ ಪೊರೆಯನ್ನು ಅವು ಕೆಡಿಸುತ್ತಾ ಹೋದಂತೆ, ಗಟ್ಟಿಯಾಗಿದ್ದ ಅಕ್ಕಪಕ್ಕದ ಕೋಶಗಳೂ ಗಂಟೆಗಟ್ಟಲೆ, ದಿನಗಟ್ಟಲೆ ಸಾಯುತ್ತವೆ. ಕರ್ಕ್ಯುಮಿನ್ ಈ ರ್‍ಯಾಡಿಕಲ್‌ಗಳನ್ನು ತಡೆಯುವ ವಸ್ತು, ಅಂದರೆ ಆಂಟಿಆಕ್ಸಿಡೆಂಟ್. ಆಂಟಿಆಕ್ಸಿಡೆಂಟ್‌ಗೆ ಏನಾದರೂ ಕೆಲಸವಿದ್ದರೆ ಅದು ಈ ಅವಧಿಯಲ್ಲಿ. ಹಾಗಾಗಿ ಪೆಟ್ಟಾದ ಅರ್ಧ ಗಂಟೆಯೊಳಗೆ ಮೊದಲ ಡೋಸ್ ಕೊಡುತ್ತಿದ್ದೆ.

ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ. ಡಿಎಂಎಸ್‌ಒ ದ್ರಾವಕದಲ್ಲಿ ಚೆನ್ನಾಗಿ ಕರಗುತ್ತದೆ. ಆದರೆ ಆ ದ್ರಾವಕವೇ ಹೈಡ್ರಾಕ್ಸಿಲ್ ರ್‍ಯಾಡಿಕಲ್‌ಗಳನ್ನು ಹಿಡಿದು ಹಾಕುತ್ತದೆ! ಗುಣ ಕಂಡರೆ ಯಾವುದರ ಗುಣವೆಂದು ಹೇಳುವುದು? ದ್ರಾವಕ ಮಾತ್ರ ಪಡೆಯುವ ಇನ್ನೊಂದು ಗುಂಪನ್ನು ಸೇರಿಸಿದ ಮೇಲೆಯೇ ನನಗೆ ನೆಮ್ಮದಿಯಾಯಿತು. ಹಳದಿ ಬಣ್ಣದ್ದು ಬೇರೆಯೇ ಗೋಳು. ತುಪ್ಪಳದ ಮೇಲೆ ಒಂದು ಕಲೆ ಬಿದ್ದರೂ ನಡಿಗೆ ನೋಡಿ ಅಂಕ ಹಾಕುವವರಿಗೆ ಗುಂಪು ಯಾವುದೆಂದು ತಿಳಿದುಬಿಡುತ್ತದೆ. ನಾನು ಮದ್ದು ಕೊಟ್ಟು, ಒರೆಸಿ, ಸಂಕೇತ ಸಂಖ್ಯೆ ಬರೆದಿಡುತ್ತಿದ್ದೆ. ಅಂಕ ಹಾಕುವ ಇಬ್ಬರು ಆ ಕೋಣೆಗೆ ಬರುತ್ತಿರಲಿಲ್ಲ.

ನನ್ನ ಹೆಚ್ಚಿನ ಹೊತ್ತು ಹೋದದ್ದು ಮೂತ್ರಕೋಶಕ್ಕೆ. ಪೆಟ್ಟು ತಿಂದ ಇಲಿ ತಾನಾಗಿ ಮೂತ್ರ ಮಾಡಲಾರದು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಂದೊಂದನ್ನೂ ಎತ್ತಿಕೊಂಡು, ಕೆಳಹೊಟ್ಟೆಯಲ್ಲಿ ದ್ರಾಕ್ಷಿಯಂತೆ ಬಿಗಿದ ಚೀಲವನ್ನು ಬೆರಳಿನಿಂದ ಹುಡುಕಿ ಮೆಲ್ಲಗೆ ಒತ್ತಬೇಕು. ಒಂದು ರಾತ್ರಿ ದಣಿದು ಅವಸರದಲ್ಲಿ ಮುಗಿಸಿದೆ. ಮರುದಿನ ಒಂದು ಇಲಿಯ ಮೂತ್ರದಲ್ಲಿ ರಕ್ತ ಕಂಡಿತು, ಎರಡು ದಿನಕ್ಕೆ ಅದು ಸತ್ತಿತು. ಈಗಲೂ ಅದು ನನ್ನನ್ನು ಕಾಡುತ್ತದೆ.

ನಡಿಗೆ ಅಳೆಯಲು 1995ರಲ್ಲಿ ಪ್ರಕಟವಾದ ಬಿಬಿಬಿ ಮಾಪಕವಿದೆ. ಇಲಿಯನ್ನು ಬಯಲಾದ ತೊಟ್ಟಿಯಲ್ಲಿ ನಾಲ್ಕು ನಿಮಿಷ ಬಿಟ್ಟು, ಹಿಂಗಾಲು ನೋಡಿ 0ಯಿಂದ 21ರವರೆಗೆ ಅಂಕ ಹಾಕುತ್ತಾರೆ. 8ರಲ್ಲಿ ಕಾಲು ಬೀಸುತ್ತದೆ, ಮೈಭಾರ ಹೊರುವುದಿಲ್ಲ. ಅಂಗಾಲು ಊರಿ ಮೈಯನ್ನು ಒಂದಿಷ್ಟು ಎತ್ತಿ ನಿಂತಿತೋ, 9. ಕಾಗದದ ಮೇಲೆ ಒಂದೇ ಅಂಕ. ಆದರೆ ನೆಲಕ್ಕೆ ಎಳೆದಾಡುತ್ತಿದ್ದ ಹೊಟ್ಟೆ ಬೆರಳ ದಪ್ಪದಷ್ಟು ಮೇಲೇಳುವುದನ್ನು ಕಂಡವರಿಗೆ ಅದರ ಬೆಲೆ ಗೊತ್ತು. ಕರ್ಕ್ಯುಮಿನ್ ಪಡೆದವುಗಳಲ್ಲಿ ಹೆಚ್ಚಿನವು ಆ ಹಂತ ದಾಟಿದವು. ಮದ್ದಿಲ್ಲದ ಕೆಲವೂ ದಾಟಿದವು, ತುಸು ತಡವಾಗಿ. ಆ ಎರಡನೆಯ ಮಾತನ್ನು ನಾನು ಎಲ್ಲಿಯೂ ಬಿಡದೆ ಹೇಳುತ್ತೇನೆ.

ಒಮ್ಮೆ ಒಬ್ಬ ತಂದೆ ಕರೆ ಮಾಡಿದರು. ಮಗ ಬಿದ್ದು ಎರಡು ವರ್ಷವಾಗಿದೆ, ಈ ಮಾತ್ರೆ ತರಿಸಲೇ ಎಂದು ಕೇಳಿದರು. ನಮ್ಮ ಇಲಿಗಳಿಗೆ ಅರ್ಧ ಗಂಟೆಯೊಳಗೆ ಕೊಟ್ಟದ್ದು ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ನಾನೇ, ಮೂತ್ರಕ್ಕೆ ಏನು ವ್ಯವಸ್ಥೆ ಮಾಡಿದ್ದೀರಿ, ಬೆನ್ನಿನಲ್ಲಿ ಹುಣ್ಣಾಗಿದೆಯೇ ಎಂದು ವಿಚಾರಿಸಿದೆ. ಉಳಿದ ಮಾತೆಲ್ಲ ಅದರದೇ ಆಯಿತು.