ತೋಟದ ಹಳೇ ಸಾಮಾನಿನಿಂದ ಒಂದು ಬ್ಲಾಸ್ಟರ್

ಅಡಿಕೆ ತೋಟ ಇರುವ ಯಾವ ಮನೆಯ ಹಿಂದೆ ಹೋದರೂ ಒಂದು ರಾಶಿ ಇರುತ್ತದೆ. ಹಳೇ ಸ್ಪ್ರಿಂಕ್ಲರ್ ಹೆಡ್, ಹಿಡಿಕೆ ಮುರಿದ ಬಾಲ್ ವಾಲ್ವ್, ಹನಿ ನೀರಾವರಿಯ ಡ್ರಿಪ್ ಫಿಲ್ಟರ್, ಔಷಧಿ ಹೊಡೆಯುವ ಹಿತ್ತಾಳೆ ನಾಝಲ್, ಮಿಕ್ಕಿದ ಪೈಪಿನ ತುಂಡುಗಳು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಕೊಟ್ಟಿಗೆಯಲ್ಲೂ ಇಂಥದ್ದೊಂದು ರಾಶಿ ಇದೆ. ನನ್ನ ಬ್ಲಾಸ್ಟರಿನ ಮುಕ್ಕಾಲು ಪಾಲು ಸಾಮಾನು ಬಂದದ್ದು ಅಲ್ಲಿಂದಲೇ.

ಬ್ಲಾಸ್ಟರ್ ಅಂದರೆ ಬಾಹ್ಯಾಕಾಶದ ಕಥೆಗಳಲ್ಲಿ ಪಾತ್ರಗಳು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ, ಬೆಳಕು ಉಗುಳುವ ಆಯುಧ. ನಾನು ಕಟ್ಟಿದ್ದು ಅದರ ಮಾದರಿ. ಏನನ್ನೂ ಹಾರಿಸುವುದಿಲ್ಲ. ಟ್ರಿಗರ್ ಒತ್ತಿದರೆ ಕೆಂಪು ದೀಪ ಹತ್ತುತ್ತದೆ, ಅಷ್ಟೇ. ಆದರೆ ಕೈಗೆ ತೆಗೆದುಕೊಂಡವರು ಒಂದು ಕ್ಷಣ ಸುಮ್ಮನಾಗಿ ತಿರುಗಿಸಿ ತಿರುಗಿಸಿ ನೋಡಬೇಕು. ನನಗೆ ಬೇಕಾಗಿದ್ದದ್ದು ಅದು.

ಹಾಗೆ ನೋಡುವಂತೆ ಮಾಡುವುದು ಹೇಗೆ? ಇದಕ್ಕೆ ಉತ್ತರ 1977ರ ಸ್ಟಾರ್ ವಾರ್ಸ್ ಸಿನಿಮಾದಲ್ಲೇ ಇದೆ. ಅದರ ಸೆಟ್ಟಿನವರು ಆಯುಧಗಳನ್ನೆಲ್ಲ ಸೊನ್ನೆಯಿಂದ ಮಾಡಲಿಲ್ಲ. ಬಿಳಿ ಕವಚದ ಸೈನಿಕರ ಬ್ಲಾಸ್ಟರ್ ಮೂಲದಲ್ಲಿ ಬ್ರಿಟಿಷರ ಸ್ಟರ್ಲಿಂಗ್ ಗನ್. ನಮ್ಮ ಪೊಲೀಸರು ಕಾರ್ಬೈನ್ ಅಂತ ಹಿಡಿಯುತ್ತಿದ್ದರಲ್ಲ, ಅದೇ ಜಾತಿಯದು. ಹಾನ್ ಸೋಲೋ ಅನ್ನುವ ಪಾತ್ರದ ಕೈಯಲ್ಲಿದ್ದದ್ದು ಜರ್ಮನಿಯ ಹಳೇ ಮೌಸರ್ ಪಿಸ್ತೂಲು, ಮೇಲೊಂದು ದುರ್ಬೀನು ಕೂರಿಸಿದ್ದು. ಕಥಾನಾಯಕ ಲ್ಯೂಕ್‌ನ ಬೆಳಕಿನ ಕತ್ತಿಯ ಹಿಡಿ ಗ್ರಾಫ್ಲೆಕ್ಸ್ ಕ್ಯಾಮೆರಾದ ಫ್ಲಾಶ್ ಹಿಡಿ. ಎಲ್ಲವೂ ಎಲ್ಲೋ ಒಂದು ಕಡೆ ನಿಜವಾಗಿ ಕೆಲಸ ಮಾಡಿದ ವಸ್ತುಗಳು. ಅದು ನೋಡುವವರ ಕಣ್ಣಿಗೆ ಗೊತ್ತಾಗುತ್ತದೆ. ಯಾವ ಸ್ಕ್ರೂ ಯಾಕಿದೆ ಅಂತ ಹೇಳಲು ಬರದಿದ್ದರೂ ಸುಮ್ನೆ ಅಂಟಿಸಿದ್ದಲ್ಲ ಅಂತ ತಿಳಿಯುತ್ತದೆ.

ಹಾಗಾಗಿ ನಾನೊಂದು ನಿಯಮ ಇಟ್ಟುಕೊಂಡೆ. ಬ್ಲಾಸ್ಟರಿನ ಮೇಲೆ ಕೂರುವ ಪ್ರತಿ ತುಂಡಿಗೂ ಒಂದು ಕೆಲಸ ಇರಬೇಕು. ಇದು ತಣ್ಣಗಾಗಿಸುವ ಭಾಗ, ಇದು ಶಕ್ತಿ ತುಂಬುವ ಡಬ್ಬಿ, ಇದು ಗುರಿ ನೋಡುವುದು. ಕೆಲಸ ಹೇಳಲು ಬರದ ತುಂಡನ್ನು ಎಷ್ಟೇ ಚಂದ ಇದ್ದರೂ ಬಿಟ್ಟುಬಿಡುವುದು.

ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಡ್ರಿಪ್ ಫಿಲ್ಟರ್. ಈ ಡಿಸ್ಕ್ ಫಿಲ್ಟರಿನ ಮುಚ್ಚಳ ಬಿಚ್ಚಿದರೆ ಒಳಗೆ ತೆಳುವಾದ ಪ್ಲಾಸ್ಟಿಕ್ ಬಳೆಗಳು ಒಂದರ ಮೇಲೊಂದು ಕೂತಿರುತ್ತವೆ. ಪ್ರತಿ ಬಳೆಯ ಎರಡೂ ಮುಖದಲ್ಲಿ ಕೂದಲೆಳೆಯಷ್ಟು ಸಣ್ಣ ಗೀರುಗಳು. ನೀರು ಆ ಗೀರುಗಳಲ್ಲಿ ನುಸುಳಿ ಹೋಗುತ್ತದೆ, ಕಸ ಹೊರಗೇ ಉಳಿಯುತ್ತದೆ. ಆ ಬಳೆಗಳನ್ನು ತೆಗೆದು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಪಾಚಿ ತೊಳೆದೆ. ಆಮೇಲೆ ಬ್ಲಾಸ್ಟರಿನ ನಳಿಗೆಯಾಗಿದ್ದ ಪೈಪಿಗೆ ಪೋಣಿಸಿದೆ. ಎರಡು ಬಳೆಗಳ ನಡುವೆ ಪೈಪಿನಿಂದ ಕತ್ತರಿಸಿದ ಒಂದು ಸಣ್ಣ ಉಂಗುರ, ಮತ್ತೆ ಬಳೆ, ಮತ್ತೆ ಉಂಗುರ. ನಡುವೆ ಸಂದು ಬಿದ್ದ ಕೂಡಲೇ ಅದು ಎಂಜಿನ್ ತಂಪು ಮಾಡುವ ರೆಕ್ಕೆಗಳ ರೂಪಕ್ಕೆ ಬಂತು. ಬಳೆಯ ತೂತು ಪೈಪಿಗಿಂತ ದೊಡ್ಡದಿತ್ತು. ಪೈಪಿಗೆ ಇನ್ಸುಲೇಷನ್ ಟೇಪ್ ಸುತ್ತಿ ಬಿಗಿ ಮಾಡಿದೆ. ಬೆಳಕು ಓರೆಯಾಗಿ ಬಿದ್ದಾಗ ಆ ಗೀರುಗಳು ಹೊಳೆಯುವುದನ್ನು ನೋಡಬೇಕು!

ನಳಿಗೆ ಅಂದರೆ 32 ಮಿ.ಮೀ. ಪಿವಿಸಿ ಪೈಪು. ಮೇಲಿನ ಅಚ್ಚಿನ ಅಕ್ಷರ ಪೂರ್ತಿ ಹೋಗುವವರೆಗೆ 220 ನಂಬರಿನ ಪಾಲಿಶ್ ಪೇಪರಿನಿಂದ ತಿಕ್ಕಬೇಕು. ಪೈಪು ನುಣುಪಾಗಿದ್ದರೆ ಬಣ್ಣ ಹಿಡಿಯುವುದಿಲ್ಲ, ಉಗುರು ತಾಗಿದರೆ ಸಿಪ್ಪೆ ಏಳುತ್ತದೆ. ತಿಕ್ಕುವಾಗ ಮಾಸ್ಕ್ ಹಾಕಿಕೊಳ್ಳಿ. ಬಗ್ಗಿಸಬೇಕಾದರೆ ಬಿಸಿ ಗಾಳಿ ಸಾಕು, ಸುಮಾರು 80 ಡಿಗ್ರಿಗೆ ಪಿವಿಸಿ ಮೆದುವಾಗುತ್ತದೆ. ಬೆಂಕಿಗೆ ಹಿಡಿಯಲೇಬೇಡಿ, ಸುಟ್ಟ ಪಿವಿಸಿಯ ಹೊಗೆ ವಿಷ. ಸಂದುಗಳಿಗೆ ಎಂ-ಸೀಲ್, ಗಟ್ಟಿ ಜೋಡಣೆಗೆ ಅರಾಲ್ಡೈಟ್.

ನಳಿಗೆಯ ತುದಿಗೆ ಮಾತ್ರ ನಿಜವಾದ ಲೋಹ ಬೇಕಿತ್ತು. ಅಲ್ಯೂಮಿನಿಯಂ ರಾಡಿನ ತುಂಡು ಹಿಡಿದು ಶಿವಮೊಗ್ಗದ ಒಂದು ಲೇತ್ ಅಂಗಡಿಗೆ ಹೋದೆ. ಅಳತೆ ಬರೆದ ಚೀಟಿ ನೋಡಿ ಅಲ್ಲಿಯವರು, "ಇದು ಯಾವ ಪಂಪಿಂದು ಸಾರ್?" ಅಂದರು. "ಪಂಪಿಂದಲ್ಲ ಅಣ್ಣ, ಸಿನಿಮಾದಲ್ಲಿ ಬರುತ್ತಲ್ಲ, ಲೈಟ್ ಬಿಡೋ ಗನ್ನು, ಅದರ ಮಾದರಿ" ಅಂದೆ. ಅವರು ಚೀಟಿಯನ್ನು ಮತ್ತೊಮ್ಮೆ ನೋಡಿ, "ಹಂಗಾರೆ ಹಿಂದ್ಗಡೆ ನರ್ಲಿಂಗ್ ಹಾಕಿಕೊಡ್ತೀನಿ ಬಿಡಿ, ಕೈಗೆ ಜಾರಲ್ಲ" ಅಂದರು. ನಾನು ಕೇಳಿರಲಿಲ್ಲ. ಈಗ ಇಡೀ ಬ್ಲಾಸ್ಟರಿನಲ್ಲಿ ಎಲ್ಲರೂ ಮೊದಲು ಬೆರಳಾಡಿಸುವುದು ನರ್ಲಿಂಗಿನ ಆ ಅಡ್ಡಡ್ಡ ಗೆರೆಗಳ ಮೇಲೆ. ದಿನಾ ಲೋಹ ಕೊರೆಯುವವರ ಸಲಹೆಯನ್ನು ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು.

ಹಿಡಿ ಹಲಸಿನ ಮರದ್ದು. ನಮ್ಮೂರ ಆಚಾರ್ರ ಹತ್ತಿರ ಬಾಗಿಲು ಮಾಡಿ ಉಳಿದ ತುಂಡು ಸಿಕ್ಕಿತು. ಹಲಸು ಕೆತ್ತಲು ಹಿತ. ಮೊದಲು ಹಳದಿಯಾಗಿರುತ್ತದೆ, ಬರಬರುತ್ತಾ ಕೆಂಪು ಬೆರೆತ ಕಂದು ಬಣ್ಣಕ್ಕೆ ತಿರುಗುತ್ತದೆ. ಕೆತ್ತುವ ಮೊದಲು ರಟ್ಟಿನಲ್ಲಿ ಹಿಡಿ ಕತ್ತರಿಸಿ ಕೈಯಲ್ಲಿ ಹಿಡಿದು ನೋಡಿ. ಕೈ ಚಾಚಿ ಒಂದು ಕೋಲನ್ನು ಮುಷ್ಟಿಯಲ್ಲಿ ಹಿಡಿದರೆ ಅದು ನೆಟ್ಟಗೆ ನಿಲ್ಲುವುದಿಲ್ಲ, ಮೇಲಿನ ತುದಿ ಸ್ವಲ್ಪ ಮುಂದಕ್ಕೆ ಬಾಗುತ್ತದೆ. ಹಿಡಿಗೂ ಅದೇ ಓರೆ ಬೇಕು. ಮೇಲೆ ಅಗಸೆ ಎಣ್ಣೆ ತಿಕ್ಕಿದೆ. ಎಣ್ಣೆ ತಿಕ್ಕಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು, ಅದು ತಾನಾಗಿಯೇ ಕಾದು ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ.

ದೀಪದ ವಿಷಯ ಸರಳ. 9 ವೋಲ್ಟ್ ಬ್ಯಾಟರಿ, ಸಾಲಾಗಿ (ಸೀರೀಸ್‌ನಲ್ಲಿ) ಜೋಡಿಸಿದ 3 ಕೆಂಪು ಎಲ್‌ಇಡಿ, 220 ಓಮ್ ರೆಸಿಸ್ಟರ್, ಒಂದು ಒತ್ತುವ ಸ್ವಿಚ್. ಕೆಂಪು ಎಲ್‌ಇಡಿ ಒಂದಕ್ಕೆ ಸುಮಾರು 2 ವೋಲ್ಟ್ ಬೇಕು. ಮೂರಕ್ಕೆ 6 ಹೋದರೆ ರೆಸಿಸ್ಟರಿಗೆ 3 ಉಳಿಯುತ್ತದೆ, ಸುಮಾರು 14 ಮಿಲಿ ಆಂಪಿಯರ್ ಹರಿಯುತ್ತದೆ. ಹೊಳಪಿಗೆ ಇಷ್ಟು ಧಾರಾಳ.

ಬಣ್ಣಕ್ಕೆ ನಮ್ಮ ಕಡೆ ಕಾಲ ನೋಡಬೇಕು. ಮಳೆಗಾಲದಲ್ಲಿ ಸ್ಪ್ರೇ ಹೊಡೆದರೆ ಬಣ್ಣ ಬೆಳ್ಳಗೆ ಮಬ್ಬಾಗುತ್ತದೆ. ಥಿನ್ನರ್ ಬೇಗ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಅದಕ್ಕೆ. ನಾನು ಮಳೆಯಲ್ಲಿ ಕತ್ತರಿಸುವ, ಅಂಟಿಸುವ ಕೆಲಸ ಮುಗಿಸಿದೆ. ಬಣ್ಣ ಹಚ್ಚಿದ್ದು ಅಂಗಳದಲ್ಲಿ ಅಡಿಕೆ ಒಣಗಿಸುವ ಬಿಸಿಲು ಬಂದ ಮೇಲೆ. ಒಲೆಯ ಹತ್ತಿರ ಇಟ್ಟು ಒಣಗಿಸುವ ಯೋಚನೆ ಬೇಡ, ಥಿನ್ನರಿನ ಆವಿಗೆ ಬೆಂಕಿ ತಾಗುತ್ತದೆ.

ಮೊದಲು ಪ್ರೈಮರ್, ಅದರ ಮೇಲೆ ಬೆಳ್ಳಿ ಬಣ್ಣ, ಅದರ ಮೇಲೆ ಹೊಳಪಿಲ್ಲದ ಕಪ್ಪು. ಕಪ್ಪು ಪೂರ್ತಿ ಆರಿದ ಮೇಲೆ ನುಣುಪು ಪೇಪರಿನಿಂದ ಅಂಚುಗಳನ್ನು ಮೆಲ್ಲಗೆ ತಿಕ್ಕಿದರೆ ಒಳಗಿನ ಬೆಳ್ಳಿ ಇಣುಕುತ್ತದೆ. ಎಲ್ಲಿ ತಿಕ್ಕಬೇಕು ಅನ್ನುವುದನ್ನು ಮನೆಯ ಕತ್ತಿಯಿಂದ ಕಲಿತೆ. ಬಳಸಿದ ಸಾಮಾನು ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಹೆಬ್ಬೆರಳು ಕೂರುವಲ್ಲಿ ಹೊಳಪು, ಸೊಂಟಕ್ಕೆ ಉಜ್ಜುವ ಅಂಚಿನಲ್ಲಿ ಗೀರು, ಸಂದಿನಲ್ಲಿ ಕೊಳೆ. ಉಳಿದ ಕಡೆ ಬಣ್ಣ ಗಟ್ಟಿಯಾಗೇ ಇರುತ್ತದೆ. ಕೊನೆಗೆ ಮೆತ್ತನೆ ಪೆನ್ಸಿಲ್ಲಿನ ಸೀಸದ ಪುಡಿಯನ್ನು ಬೆರಳಲ್ಲಿ ಉಜ್ಜಿದೆ. ಪ್ಲಾಸ್ಟಿಕ್ಕು ಕಬ್ಬಿಣದ ಬಣ್ಣಕ್ಕೆ ತಿರುಗಿತು.

ಹಿತ್ತಾಳೆ ನಾಝಲ್ಲಿಗೆ ಮಾತ್ರ ಬಣ್ಣ ಮುಟ್ಟಿಸಲಿಲ್ಲ. ವರ್ಷಗಟ್ಟಲೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಹೊಡೆದು ಅದರ ಮರೆಗಳಲ್ಲಿ ಮೈಲುತುತ್ತದ ನೀಲಿ-ಹಸಿರು ಕೂತಿತ್ತು. ಅಂಥ ಬಣ್ಣ ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ. ಮೇಲಿನ ಪುಡಿ ಮಾತ್ರ ಒರೆಸಿ, ಕೈಗೆ ಹತ್ತದಂತೆ ಕ್ಲಿಯರ್ ಲ್ಯಾಕರ್ ಹೊಡೆದೆ.

ಇನ್ನೊಂದು ಮಾತು ಹೇಳಲೇಬೇಕು. ಮಲೆನಾಡಿನಲ್ಲಿ ಕೋವಿ ಆಟದ ವಸ್ತು ಅಲ್ಲ. ಲೈಸೆನ್ಸ್ ಇರುವ ಮನೆಗಳಿವೆ, ಚುನಾವಣೆ ಬಂದರೆ ಸ್ಟೇಷನ್ನಿಗೆ ಒಪ್ಪಿಸಿ ಬರುವ ರೂಢಿಯೂ ಇದೆ. ನಿಜವಾದ ಗನ್ನಿನ ರೂಪ ಬರದಂತೆ ಮೊದಲೇ ಯೋಚಿಸಿದ್ದೆ. ತುದಿಗೆ ದಪ್ಪ ಕಿತ್ತಳೆ ಪಟ್ಟಿ ಹೊಡೆದಿದ್ದೇನೆ. ಹೊರಗೆ ಒಯ್ಯುವುದಾದರೆ ಮುಚ್ಚಿದ ಪೆಟ್ಟಿಗೆಯಲ್ಲೇ. ಬಸ್ಸಿನಲ್ಲಿ, ಪೇಟೆಯಲ್ಲಿ ತೆಗೆದು ತೋರಿಸುವುದಿಲ್ಲ. ಮಕ್ಕಳ ಕೈಗೂ ನಾನು ಪಕ್ಕದಲ್ಲಿದ್ದಾಗ ಮಾತ್ರ ಕೊಡುವುದು.

ಈಗ ಒಂದು ಕೆಟ್ಟ ಸ್ಪ್ರಿಂಕ್ಲರ್ ಹೆಡ್ ಎತ್ತಿಟ್ಟಿದ್ದೇನೆ. ಅದರ ಸ್ಪ್ರಿಂಗೂ ತಿರುಗುವ ತೋಳೂ ಇನ್ನೂ ಚೆನ್ನಾಗಿವೆ. ಮುಂದಿನ ಬ್ಲಾಸ್ಟರಿನಲ್ಲಿ ಅದಕ್ಕೆ ಏನು ಕೆಲಸ ಕೊಡುವುದು ಅಂತ ಯೋಚಿಸುತ್ತಿದ್ದೇನೆ.