ಪಾರ್ಕಿನಲ್ಲಿ ಹಕ್ಕಿ ನೋಡಲು: ಸುತ್ತಬೇಡಿ, ನಿಲ್ಲಿ

ಹಕ್ಕಿ ಕಾಣಬೇಕೆಂದರೆ ಪಾರ್ಕಿಗೆ ನಾಲ್ಕು ಸುತ್ತು ಹಾಕುವುದಕ್ಕಿಂತ ಒಂದೇ ಕಡೆ 20 ನಿಮಿಷ ಅಲುಗದೆ ನಿಲ್ಲುವುದು ಮೇಲು. ನಮ್ಮ ಹೆಜ್ಜೆ ಸದ್ದಿಗೆ ಪೊದೆ ಹೊಕ್ಕ ಹಕ್ಕಿಗಳು ಸ್ವಲ್ಪ ಹೊತ್ತಿಗೆ ತಾವೇ ಹೊರಬರುತ್ತವೆ. ಹಣ್ಣು ಬಿಟ್ಟ ಮರ, ಹುಲ್ಲುಹಾಸು ಪೊದೆಗೆ ಕೂಡುವ ಅಂಚು, ಕೊಳದ ದಡ ಒಳ್ಳೆಯ ಜಾಗಗಳು. ಒಣಗಿ ನಿಂತ ಮರವನ್ನಂತೂ ಬಿಡಲೇಬೇಡಿ: ಮರಕುಟಿಗ, ಗಿಳಿಗಳ ಗೂಡು ಅಂಥ ಮರದ ಪೊಟರೆಗಳಲ್ಲಿ ಇರಬಹುದು. ಸೂರ್ಯೋದಯದ ನಂತರದ ಎರಡು ಮೂರು ಗಂಟೆ ಸರಿಯಾದ ಹೊತ್ತು. ಬಿಸಿಲು ಬೆನ್ನಿಗಿರಲಿ, ಎದುರು ಬೆಳಕಿನಲ್ಲಿ ಎಂಥ ಬಣ್ಣದ ಹಕ್ಕಿಯೂ ಕಪ್ಪಾಗಿಯೇ ಕಾಣುತ್ತದೆ.

ಬೈನಾಕ್ಯುಲರ್ 8x42 (8 ಪಟ್ಟು ದೊಡ್ಡದು ಮಾಡುವ, ಮುಂದಿನ ಮಸೂರ 42 ಮಿ.ಮೀ. ಅಗಲದ್ದು) ಸಾಕು. 10 ಪಟ್ಟು ದೊಡ್ಡದು ಮಾಡುವುದರಲ್ಲಿ ಕೈನಡುಕವೂ ಅಷ್ಟೇ ದೊಡ್ಡದಾಗುತ್ತದೆ, ನೋಟದ ಹರವೂ ಸಾಮಾನ್ಯವಾಗಿ ಕಿರಿದು. ಹೊಸಬರಿಗೆ ಚಿತ್ರ ಮಸುಕಾಗಿ ಕಾಣಲು ಸಾಮಾನ್ಯ ಕಾರಣಗಳಲ್ಲೊಂದು ಎರಡು ಕಣ್ಣಿನ ವ್ಯತ್ಯಾಸ ಸರಿಮಾಡಿಕೊಳ್ಳದಿರುವುದು. ದೂರದ ಒಂದು ಬೋರ್ಡು ನೋಡಿ. ಬಲಗಡೆಯ ಮಸೂರ ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಅಕ್ಷರ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಡೆಯದನ್ನು ಮುಚ್ಚಿ, ಚಕ್ರ ಮುಟ್ಟದೆ, ಒಂದೇ ಕಣ್ಣಿನ ನೋಟ ಸರಿಮಾಡುವ ಡಯಾಪ್ಟರ್ ಉಂಗುರವನ್ನಷ್ಟೇ ಅಕ್ಷರ ಸ್ಪಷ್ಟವಾಗುವವರೆಗೆ ತಿರುಗಿಸಿ. ಅದು ಸಾಮಾನ್ಯವಾಗಿ ಬಲಗಣ್ಣಿನ ಕಡೆ ಇರುತ್ತದೆ. ಇನ್ನು ಮುಂದೆ ಚಕ್ರವೊಂದೇ ಸಾಕು. ಕನ್ನಡಕದವರು ಕಣ್ಣಿಗೆ ತಾಗುವ ರಬ್ಬರ್ ಬಟ್ಟಲನ್ನು ಒಳಕ್ಕೆ ತಿರುಗಿಸಿಕೊಳ್ಳಲಿ.

ಹಕ್ಕಿ ಕಂಡರೆ ಅದರಿಂದ ಕಣ್ಣು ತೆಗೆಯದೆ ಬೈನಾಕ್ಯುಲರನ್ನು ಕಣ್ಣಿಗೇರಿಸಿ. ತಲೆ ತಗ್ಗಿಸಿ ಬೈನಾಕ್ಯುಲರ್ ನೋಡಿಕೊಂಡಿರೋ, ಕೊಂಬೆ ತಪ್ಪಿಹೋಯಿತು.

ಗುರುತಿಸುವಾಗ ಬಣ್ಣವನ್ನು ಕೊನೆಗಿಡಿ. ಗುಬ್ಬಿಯಷ್ಟೋ, ಮೈನಾದಷ್ಟೋ, ಕಾಗೆಯಷ್ಟೋ? ಕೊಕ್ಕು ಕಾಳು ಒಡೆಯುವಂಥ ದಪ್ಪದ್ದೋ, ಹುಳ ಹೆಕ್ಕುವಂಥ ಸಣ್ಣದೋ? ನಡೆನುಡಿಯೂ ಸುಳಿವು ಕೊಡುತ್ತದೆ. ನೆಲದ ಮೇಲೆ ಓಡುತ್ತಾ ಬಾಲ ಕುಣಿಸಿದರೆ ಬಹುಶಃ ಸಿಪಿಲೆ. ಗಾಳಿಗೆ ಹಾರಿ ನೊಣ ಹಿಡಿದು ಅದೇ ಕೊಂಬೆಗೆ ಮರಳಿದರೆ ನೊಣಹಿಡುಕ ಇರಬಹುದು. ಮತ್ತೆ ಅಲ್ಲಿಗೇ ಬರುವುದರಿಂದ ನಿಧಾನವಾಗಿ ನೋಡಬಹುದು. ಇಷ್ಟನ್ನು ಮೊದಲು ಬರೆದುಕೊಂಡು ಆಮೇಲೆ ಪುಸ್ತಕ ತೆಗೆಯಿರಿ. ಚಿತ್ರ ಮೊದಲೇ ನೋಡಿದರೆ ಕಾಣದ ಗುರುತೂ ಕಂಡಂತಾಗುತ್ತದೆ. ಮರ್ಲಿನ್ ಆ್ಯಪ್ ಕೂಗು ಕೇಳಿ ಹೆಸರು ಹೇಳುತ್ತದೆ, ಆದರೆ ಕಣ್ಣಾರೆ ಕಾಣದೆ ನೀವು ನೋಡಿದ ಹಕ್ಕಿಗಳ ಪಟ್ಟಿಗೆ ಸೇರಿಸಬೇಡಿ.

ಕಾಗೆಗಳು ಒಂದೇ ಮರದ ಮೇಲೆ ಮುಗಿಬಿದ್ದು ಅರಚುತ್ತಿದ್ದರೆ ದಟ್ಟ ಎಲೆಯ ನಡುವೆ, ಕಾಂಡದ ಪಕ್ಕದಲ್ಲೇ ಹುಡುಕಿ: ಗೂಬೆಯೋ ಗಿಡುಗವೋ ಕೂತಿರಬಹುದು.

ಫೋನಿನಲ್ಲಿ ಕೂಗು ಹಾಕಿ ಹಕ್ಕಿ ಕರೆಯುವುದು ಬೇಡವೇ ಬೇಡ. ತನ್ನ ಜಾಗಕ್ಕೆ ಎದುರಾಳಿ ಬಂದನೆಂದು ಅದು ಮೇವು, ಮರಿ ಬಿಟ್ಟು ಓಡಿಬರುತ್ತದೆ. ಬಾಯಲ್ಲಿ ಹುಳ ಹಿಡಿದ ಹಕ್ಕಿ ಗೂಡಿಗೆ ಹೋಗದೆ ನಿಮ್ಮನ್ನೇ ನೋಡುತ್ತಾ ಕೂಗುತ್ತಿದ್ದರೆ ನೀವು ಗೂಡಿಗೆ ತೀರಾ ಹತ್ತಿರವಿದ್ದೀರಿ; ತಕ್ಷಣ ಹಿಂದೆ ಸರಿಯಿರಿ.